ಹದಿನಾಲ್ಕನೇ ನಂಬರಿನ ಬಿಲ್ಲೆ

ಆಸ್ಪತ್ರೆಯ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಹಾಜರಿ ಪುಸ್ತಕವಿಲ್ಲ. ಬಾಗಿಲ ಪಕ್ಕದ ಹಲಗೆಯಲ್ಲಿ ಸಾಲಾಗಿ ಮೊಳೆ ಹೊಡೆದಿದ್ದಾರೆ. ಒಂದೊಂದು ಮೊಳೆಗೂ ಒಬ್ಬೊಬ್ಬರ ನಂಬರಿನ ತಗಡಿನ ಬಿಲ್ಲೆ. ಒಂದು ಮುಖ ಬಿಳಿ, ಒಂದು ಮುಖ ಕಪ್ಪು. ಬಂದವರು ಬಿಳಿ ಕಾಣುವಂತೆ ತಿರುಗಿಸಬೇಕು, ಹೋಗುವಾಗ ಕಪ್ಪು ಮಾಡಬೇಕು. ಕಪ್ಪು ಕಂಡಿತೋ, ಆ ಮನುಷ್ಯ ಒಳಗಿಲ್ಲ ಎಂದೇ ಅರ್ಥ.

ಹದಿನಾಲ್ಕನೇ ಬಿಲ್ಲೆ ದೊಡ್ಡಕ್ಕನದು. ಇಸ್ತ್ರಿ ವಿಭಾಗದಲ್ಲಿ ಹನ್ನೊಂದು ವರ್ಷ ನಿಂತು ದುಡಿದವಳು, ಎಲ್ಲರಿಗಿಂತ ಹಿರಿಯಳು, ಅದಕ್ಕೇ ಆ ಹೆಸರು. ಅವಳು ಬಂದಳೆಂದರೆ ಸುಕ್ಕುಗಳು ತಾವಾಗಿಯೇ ಎದ್ದು ಓಡುತ್ತವೆ ಎಂದು ಜೊತೆಯವರು ಕಾಡಿಸುತ್ತಿದ್ದರು. ಹಳೆಯ ಮೇಲ್ವಿಚಾರಕಿ ನಿವೃತ್ತಳಾದಾಗ ಆ ಜಾಗ ದೊಡ್ಡಕ್ಕನಿಗೇ ಎಂದು ಬಾಯ್ಲರ್ ನೋಡುವವನಿಗೂ ಗೊತ್ತಿತ್ತು. ಆದರೆ ಬಂದು ಕೂತದ್ದು ಮ್ಯಾನೇಜರ್ ನಾದಿನಿ. ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ಬೆರಳಿಟ್ಟು ನೋಡುವಷ್ಟು ಹೊಸಬಳು. ದೊಡ್ಡಕ್ಕ ಹೋಗಿ ಕಾರಣ ಕೇಳಿದಳು. ಮ್ಯಾನೇಜರ್ ನಕ್ಕು, "ಅವಳು ನಮ್ಮವಳು ನೋಡಮ್ಮ" ಅಂದರು.

ಹಾಗಾದರೆ ನಾನು ಯಾರವಳು ಎಂದುಕೊಳ್ಳುತ್ತ ದೊಡ್ಡಕ್ಕ ಇಸ್ತ್ರಿ ಮೇಜಿಗೆ ವಾಪಸಾದಳು.

ತಿಂಗಳು ತುಂಬುವುದರೊಳಗೆ ಅವಳ ಬಿಲ್ಲೆ ತಾನಾಗಿ ತಿರುಗತೊಡಗಿತು. ಬೆಳಿಗ್ಗೆ ಬಿಳಿ ಮಾಡಿ ಒಳಗೆ ಹೋದರೆ ಊಟದ ಹೊತ್ತಿಗೆ ಕಪ್ಪು. ಫ್ಯಾನಿನ ಗಾಳಿ ಇರಬೇಕು ಅಂದುಕೊಂಡಳು. ಆದರೆ ಅಕ್ಕಪಕ್ಕದ ಹದಿಮೂರು, ಹದಿನೈದು ಅಲುಗಿರಲಿಲ್ಲ. ಮೂರು ದಿನ ಗೈರುಹಾಜರಿ ಬಿತ್ತು. ಇನ್ನೊಂದು ದಿನ ಹೀಗಾದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಚೀಟಿಯೂ ಬಂತು.

ಅಲ್ಲಿಗೇ ನಿಲ್ಲಲಿಲ್ಲ. ಆವಿ ತುಂಬಿದ ಕೋಣೆಯಲ್ಲಿ, ನೇತುಹಾಕಿದ ಬಿಳಿ ಹಾಸುಬಟ್ಟೆಗಳ ನಡುವೆ ನಡೆಯುವಾಗ ಅವಳ ಹೆಜ್ಜೆಯ ಸದ್ದು ಅವಳಿಗೇ ಕೇಳಿಸುತ್ತಿರಲಿಲ್ಲ. ಯಾರಾದರೂ ಕರೆದರೆ ತನ್ನನ್ನಲ್ಲ ಅನ್ನಿಸುತ್ತಿತ್ತು. ಒಂದು ದಿನ ಇಸ್ತ್ರಿ ತಗುಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬೇರೆ ಯಾರದೋ ಕೈ ಎಂಬಂತೆ ಅದನ್ನು ನೋಡುತ್ತ ನಿಂತುಬಿಟ್ಟಳು. ಆಮೇಲೆ ಭಯವಾಯಿತು.

ಬಸ್ ಓಡಿಸುವ ಗಂಡನಿಗೆ ಇದೊಂದು ದೊಡ್ಡ ವಿಷಯವೇ ಅಲ್ಲ. ಎಲ್ಲ ಕಡೆಯೂ ಹೀಗೇ, ತಲೆಗೆ ಹಚ್ಚಿಕೊಳ್ಳಬೇಡ ಅಂದ. ಮ್ಯಾನೇಜರ್‌ಗಿಂತ ಮೇಲಿನವರ ಕಾರು ಓಡಿಸುವವನು ತನಗೆ ಗೊತ್ತು, ಅವನಿಂದ ಒಂದು ಮಾತು ಹೇಳಿಸಿದರೆ ಮುಗಿಯಿತು ಅಂದ. ಪಕ್ಕದ ಮನೆಯ ನರ್ಸಮ್ಮನಿಗೆ ತೋರಿಸುತ್ತೇನೆ ಎಂದು ಅವಳು ಅಂದಾಗ ನಕ್ಕ.

"ಮನಸ್ಸಿಗೆ ಬೇಜಾರಾದ್ರೆ ಅದಕ್ಕೂ ಇಂಜೆಕ್ಷನ್ ಇದೆಯಾ?"

ನರ್ಸಮ್ಮ ಬೊಬ್ಬೆಗೆ ಮುಲಾಮು ಹಚ್ಚುತ್ತಲೇ ನಿದ್ದೆ, ಊಟ ಎಲ್ಲ ವಿಚಾರಿಸಿದರು. ದೊಡ್ಡಕ್ಕ ಕೊನೆಗೆ ಕೈತಪ್ಪಿದ ಜಾಗದ, ಬಿಲ್ಲೆಯ ಮಾತು ತೆಗೆದಳು. ನರ್ಸಮ್ಮ ನಗಲಿಲ್ಲ. ನಂಬಿಕೆಯ ಗೆಳತಿ ಯಾರಾದರೂ ಒಂದು ದಿನ ಆ ಹಲಗೆಯ ಮೇಲೆ ಕಣ್ಣಿಟ್ಟಿರಲಿ ಅಂದರು.

ಪಕ್ಕದ ಮೇಜಿನ ಗೆಳತಿ ಒಪ್ಪಿದಳು. ಇಡೀ ದಿನ ಹಾಸುಬಟ್ಟೆಗಳ ಸಂದಿನಿಂದ ನೋಡಿದಳು. ಸಂಜೆ ದೊಡ್ಡಕ್ಕನ ಮನೆಗೆ ಬಂದವಳು ತಲೆ ಎತ್ತಲೇ ಇಲ್ಲ.

"ಅಕ್ಕ, ಬೇರೆ ಯಾರೂ ಅಲ್ಲ. ನೀನೇ."

"ನಾನಾ?" ಅಂದಳು ದೊಡ್ಡಕ್ಕ.

"ನೀನು ನೀರು ಕುಡಿಯೋಕೆ ಅಂತ ಎದ್ದೆ. ಹಲಗೆ ಹತ್ರ ನಿಂತು ಬಿಲ್ಲೆ ತಿರುಗಿಸಿದೆ. ಸರಿಯಾಗಿ ಕೂತಿದೆಯಾ ಅಂತ ಮುಟ್ಟಿ ನೋಡಿ ಬಂದೆ. ನಾನು ಕರೆದೆ ಅಕ್ಕ. ನೀನು ತಿರುಗಿ ನೋಡಲಿಲ್ಲ. ಗೈರುಹಾಜರಿ ಬೀಳದಿರಲಿ ಅಂತ ಆಮೇಲೆ ನಾನೇ ಬಿಳಿ ಮಾಡಿದೆ."

ನೀರು ಕುಡಿದದ್ದು ದೊಡ್ಡಕ್ಕನಿಗೆ ನೆನಪಿತ್ತು. ಬಿಲ್ಲೆ ಮುಟ್ಟಿದ್ದು ನೆನಪಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಗಂಡ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನೇ ಹೋಗಿ ನರ್ಸಮ್ಮನನ್ನು ಕರೆತಂದ.

"ಗಾಬರಿಯಾಗ್ಬೇಡಿ" ಅಂದರು ನರ್ಸಮ್ಮ. "ನೀನು ಲೆಕ್ಕಕ್ಕಿಲ್ಲ ಅಂತ ದಿನಾ ಅನ್ನಿಸಿಕೊಂಡ ಮನಸ್ಸು, ಕೊನೆಗೆ ತನ್ನನ್ನ ತಾನೇ ಅಳಿಸಿಕೊಳ್ಳೋಕೆ ಶುರು ಮಾಡಿದೆ. ಇದು ನಿನ್ನ ತಪ್ಪಲ್ಲ ದೊಡ್ಡಕ್ಕ. ಇಂಜೆಕ್ಷನ್ ಇಲ್ಲ, ಆದ್ರೆ ಮನಸ್ಸಿನ ಡಾಕ್ಟರ್ ಇದ್ದಾರೆ. ನಾಳೆಯೇ ಹೋಗಿ. ಇನ್ನು ಆ ಮೇಲ್ವಿಚಾರಕಿ ಜಾಗ ಯಾಕೆ ಹಾಗೆ ಕೊಟ್ರು ಅಂತ ಜೊತೆಯವರೆಲ್ಲ ಸೇರಿ ಬರವಣಿಗೆಯಲ್ಲಿ ಕೇಳಿ. ಒಬ್ಬಳೇ ಕೇಳ್ಬೇಡ."

ಗಂಡ ಮತ್ತೆ ಆ ಕಾರು ಓಡಿಸುವವನ ಮಾತೆತ್ತಿದ. ಈ ಸಲ ಮೆಲ್ಲಗೆ.

"ಬೇಡ" ಅಂದಳು ದೊಡ್ಡಕ್ಕ. "ಹಾಗೆ ಆ ಜಾಗ ಸಿಕ್ಕರೆ ನಾನೂ ಯಾರದೋ 'ನಮ್ಮವಳು' ಆಗ್ತೀನಿ. ಆಮೇಲೆ ಇನ್ಯಾರೋ ಒಬ್ಬಳು ತನ್ನ ಬಿಲ್ಲೆ ತಿರುಗಿಸ್ತಾಳೆ."

ಗಂಡ ಮರುದಿನ ತಾನೂ ರಜೆ ಹಾಕಿ ಅವಳ ಜೊತೆ ಡಾಕ್ಟರ್ ಹತ್ತಿರ ಹೋದ. ಹೊರಗಿನ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತಿದ್ದ.

ಇಸ್ತ್ರಿಯ ಹೆಂಗಸರೆಲ್ಲ ಸೇರಿ ಅರ್ಜಿ ಬರೆದರು. ಯಾವ ಜಾಗ ಖಾಲಿಯಾದರೂ ಎಲ್ಲರಿಗೂ ತಿಳಿಸಬೇಕು, ಕೆಲಸ ನೋಡಿ ಎಲ್ಲರೆದುರು ಆರಿಸಬೇಕು, ಇಷ್ಟೇ. ಕೊಡಲು ಹೋದ ದಿನ ದೊಡ್ಡಕ್ಕ ಹಲಗೆಯ ಮುಂದೆ ನಿಂತಳು. ಹದಿನಾಲ್ಕು ಬೆಳ್ಳಗಿತ್ತು. ಮೇಲ್ವಿಚಾರಕಿಯ ಒಂದನೇ ಬಿಲ್ಲೆ ಕಪ್ಪಾಗಿತ್ತು.

ಆದರೆ ಮ್ಯಾನೇಜರ್ ನಾದಿನಿ ತನ್ನ ಗಾಜಿನ ಕೋಣೆಯೊಳಗೇ ಇದ್ದಳು. ಬಂದಾಗಿನಿಂದ ಅವಳನ್ನು ಯಾರೂ ಮಾತಾಡಿಸಿರಲಿಲ್ಲ, ದೊಡ್ಡಕ್ಕನೂ. ದೊಡ್ಡಕ್ಕ ಬಾಗಿಲು ತಟ್ಟಿ, ನಿಮ್ಮ ಬಿಲ್ಲೆ ತಿರುಗಿದೆ ಅಂದಳು.

"ಗೊತ್ತಕ್ಕ. ದಿನಾ ತಿರುಗುತ್ತೆ" ಅಂದಳು ಅವಳು, ದೊಡ್ಡಕ್ಕನ ಕೈಯಲ್ಲಿದ್ದ ಅರ್ಜಿ ನೋಡುತ್ತ. "ಅದರಲ್ಲಿ ನಾನೂ ಸಹಿ ಹಾಕಬಹುದಾ?"

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಯಾರಾದರೂ ಪರಿಚಯದವರು ಇದ್ದೇ ಇರುತ್ತಾರೆ. ಅವರಿಂದ ಒಂದು ಮಾತು ಹೇಳಿಸುವ ಮೊದಲು, ಆ ಮಾತಿನಿಂದ ಯಾರ ಬಿಲ್ಲೆ ಕಪ್ಪಾಗುತ್ತದೆ ಎಂದು ಯೋಚಿಸಿ. ನಿಮ್ಮದೇ ತಿರುಗಿದ್ದರೆ ಒಳಗೇ ಇಟ್ಟುಕೊಳ್ಳಬೇಡಿ. ನಂಬುವವರಿಗೆ ಹೇಳಿ, ಆರೋಗ್ಯ ಕೇಂದ್ರಕ್ಕೆ ಹೋಗಿ, ಜೊತೆ ಸೇರಿ ಕೇಳಿ. ನಾಳೆ ಕೆಲಸಕ್ಕೆ ಹೋದಾಗ ಸುತ್ತ ಒಮ್ಮೆ ನೋಡಿ. ಎದುರಿಗೇ ಕೂತಿದ್ದೂ ಇಲ್ಲದಂತಿರುವವರು ಒಬ್ಬರಾದರೂ ಇರುತ್ತಾರೆ. ಅವರನ್ನು ಮಾತಾಡಿಸಿ.