ಇಸ್ತ್ರಿ ಮಾಡುವಾಗ

"ನಾನೇ ಇಸ್ತ್ರಿ ಮಾಡುವಾಗ ಸುಟ್ಟುಕೊಂಡೆ ಸಾರ್," ಎಂದು ರೇಣುಕಾ ತೆಲುಗಿನಲ್ಲಿ ಹೇಳಿದಳು.

ವಿಶಾಖಪಟ್ಟಣದ ಮ್ಯಾಜಿಸ್ಟ್ರೇಟರು ತಲೆಯೆತ್ತಿದರು. "ಗಂಡ ಸುಟ್ಟ ಅಂತ ಪೊಲೀಸರಿಗೆ ಹೇಳಿದ್ದೀರಲ್ಲಮ್ಮಾ?"

"ಸಿಟ್ಟಿನಲ್ಲಿ ಹೇಳಿದೆ."

ಹಿಂದಿನ ಬೆಂಚಿನಲ್ಲಿ ಮಂಜಪ್ಪ ಮೆಲ್ಲಗೆ ತಲೆದೂಗಿದರು. ಕಟಕಟೆಯಲ್ಲಿದ್ದ ಅವಳ ಗಂಡ ಧನಂಜಯ ನೆಲ ನೋಡುತ್ತಿದ್ದ. ರೇಣುಕಾ ಚೂಡಿದಾರದ ಎಡ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಕನ್ನಡದವರ ಮನೆಜಗಳಗಳೆಲ್ಲ ಮಂಜಪ್ಪನವರ ಪಡಸಾಲೆಯಲ್ಲೇ ಮುಗಿಯುತ್ತಿದ್ದವು. ಗದಗಿನ ಕಡೆಯ ಹಿರಿಯರು, ನಿವೃತ್ತಿಗೆ ಹತ್ತಿರವಾದ ಫೋರ್‌ಮನ್. ಹಿಂದಿನ ಭಾನುವಾರ ಗಂಡಹೆಂಡಿರಿಬ್ಬರನ್ನೂ ಕರೆಸಿ, ಗಿರ್ಮಿಟ್ ತಟ್ಟೆ ಮುಂದಿಟ್ಟು ಹೇಳಿದ್ದರು: "ತಂಗೀ, ನಾವ್ ನಾವ ಕುಂತು ಮುಗಿಸೂದನ್ನ ಪರರ ಊರಿನ ಕೋರ್ಟಿಗೆ ಯಾಕ ಒಯ್ದಿ? ನೀ ಕೇಸ್ ಬಿಟ್ರ ಇವನ ಬ್ಯಾಂಕಿನ ನೌಕರಿ ಉಳೀತೈತಿ. ಕೂಸು ನಿನ್ನ ಕೈಗೆ ಬರ್ತೈತಿ. ಏನಪಾ ಧನಂಜಯ?"

"ನಿಮ್ಮ ಮಾತು ಮೀರ್ತೀನೇನ್ರಿ ಕಾಕಾ?"

ಅವಳು ಠಾಣೆಗೆ ಹೋದ ಮೇಲೆ ಅವನು ವಿಜಯವಾಡಕ್ಕೆ ವರ್ಗ ಮಾಡಿಸಿಕೊಂಡು ಮಗಳು ಗಾನವಿಯನ್ನೂ ಕರೆದೊಯ್ದಿದ್ದ. ಏಳು ವರ್ಷದ ಗಾನವಿ ಕೈ ಸುಟ್ಟ ಆ ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ, ಶಾಲೆಯ ರಿಬ್ಬನ್ ಹಿಡಿದು ನಿಂತಿದ್ದಳು.

"ವಕೀಲರಿಗೆ ಒಂದ್ ಮಾತು ಹೇಳ್ಲ್ಯಾ ಕಾಕಾ?" ಎಂದು ರೇಣುಕಾ ಆ ಭಾನುವಾರ ಕೇಳಿದ್ದಳು.

"ಹೇಳಿದ್ರ ಬರೆಸ್ತಾರ, ಎಳೀತಾರ. ನಮ್ಮನಮ್ಮೊಳಗ ಬರೆಯೂದೇನೈತಿ?"

ಈಗ ಕೋರ್ಟಿನ ವರಾಂಡದಲ್ಲಿ ವಕೀಲೆ ಹೈಮಾವತಿಯ ಮುಖ ಕೆಂಪಾಗಿತ್ತು.

"ಮಗುವನ್ನು ಇವತ್ತೇ ಕೊಡಿಸ್ತಾರಾ ಮೇಡಂ?"

"ಯಾರು? ಇದು ಕ್ರಿಮಿನಲ್ ಕೋರ್ಟಮ್ಮಾ. ಅವನು ತಪ್ಪು ಮಾಡಿದನೋ ಇಲ್ಲವೋ, ಅಷ್ಟೇ ನೋಡುತ್ತೆ. ಮಗು ಯಾರ ಹತ್ತಿರ ಇರಬೇಕು ಅನ್ನೋದು ಬೇರೆ ಕೇಸು, ವಿಜಯವಾಡದ ಫ್ಯಾಮಿಲಿ ಕೋರ್ಟಿನದು. ಅಲ್ಲಿ ತೋರಿಸೋಕೆ ನಿಮ್ಮ ಈ ಕೈ ಒಂದಿತ್ತು."

"ಅವರು ಮಾತು ಕೊಟ್ಟಿದ್ದಾರೆ."

"ಯಾವ ಕೋರ್ಟಿನಲ್ಲಿ?"

ಖುಲಾಸೆಯಾದ ಮೇಲೆ ಧನಂಜಯ ಫೋನ್ ಎತ್ತಲಿಲ್ಲ. ಮಂಜಪ್ಪ ಎತ್ತಿದರು. "ಏನ್ ಮಾಡ್ಲವಾ ತಂಗೀ, ಗಂಡ ಹೆಂಡ್ರ ವಿಷಯಾ. ನಡುವ ನಾವೆಷ್ಟಂತ ಹೇಳೂದು?" ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು.

ರೇಣುಕಾ ಮಗುವಿಗಾಗಿ ವಿಜಯವಾಡದಲ್ಲಿ ಕೇಸು ಹಾಕಿದಳು. ಅಲ್ಲಿ ಧನಂಜಯನ ವಕೀಲ ಅವಳ ಹೇಳಿಕೆಯ ನಕಲನ್ನು ನಿಧಾನವಾಗಿ, ರುಚಿ ನೋಡುವವನಂತೆ ಓದಿದ. "ಗಂಡನನ್ನು ಜೈಲಿಗೆ ಕಳಿಸೋಕೆ ಸುಳ್ಳು ಹೇಳಿದ ತಾಯಿ ಮಗುವಿಗೆ ಏನು ಕಲಿಸ್ತಾಳೆ ಸಾರ್?"

ರೇಣುಕಾ ಎದ್ದು ನಿಂತಳು. "ಅವತ್ತು ಕೋರ್ಟಿನಲ್ಲಿ ಹೇಳಿದ್ದೇ ಸುಳ್ಳು."

"ಇವತ್ತು ಹೇಳ್ತಿರೋದು?" ಎಂದ ವಕೀಲ. ಹಿಂದೆ ಯಾರೋ ನಕ್ಕರು.

ಜಡ್ಜರು ಗಾನವಿಯನ್ನು ತಮ್ಮ ಕೋಣೆಗೆ ಕರೆಸಿಕೊಂಡು ಬಾಗಿಲು ಮುಚ್ಚಿ ಮಾತಾಡಿಸಿದರು. ಹೊರಗೆ ಬಂದು, ತೀರ್ಪಿನವರೆಗೆ ಮಗು ತಂದೆಯ ಬಳಿಯೇ ಇರಲಿ, ತಾಯಿ ಆಗಾಗ ಬಂದು ನೋಡಬಹುದು ಎಂದರು.

"ಹೈಕೋರ್ಟಿಗೆ ಹೋಗಬಹುದು," ಎಂದಳು ಹೈಮಾವತಿ. "ಅಲ್ಲೂ ಓದೋದು ಇದೇ ಹೇಳಿಕೆಯನ್ನೇ."

ವರಾಂಡದ ಬೆಂಚಿಗೆ ಗಾನವಿ ಬಂದಳು, ಕೈಯಲ್ಲಿ ಕೊಂಡಪಲ್ಲಿಯ ಮರದ ಆನೆ. ಧನಂಜಯ ಕಂಬಕ್ಕೊರಗಿ ನಿಂತಿದ್ದ.

"ಊಟ ಮಾಡಿದ್ಯೇನವ್ವಾ?" ಎಂದಳು ರೇಣುಕಾ.

ಮಗು ತೆಲುಗಿನಲ್ಲಿ ಉತ್ತರಿಸಿತು. "ಅಪ್ಪ ಸುಟ್ಟಿದ್ದು ಅಂತ ನಾನು ಅಂದುಕೊಂಡಿದ್ದೆ. ನೀನೇ ಸುಟ್ಟುಕೊಂಡೆಯಂತೆ. ಕೋರ್ಟಿನಲ್ಲಿ ನೀನೇ ಹೇಳಿದೆಯಂತೆ."

ರೇಣುಕಾ ಕಂಬದ ಕಡೆ ನೋಡಿದಳು. ಅವನು ಗಡಿಯಾರ ನೋಡಿಕೊಳ್ಳುತ್ತಿದ್ದ.

"ನಾನು ಜಡ್ಜಿಗೂ ಹಾಗೇ ಹೇಳಿದೆ," ಎಂದಳು ಗಾನವಿ.

ಆನೆಯನ್ನು ಬೆಂಚಿನ ಮೇಲಿಟ್ಟು, ಅಮ್ಮನ ಎಡ ತೋಳನ್ನು ಮೊಣಕೈವರೆಗೆ ಮೇಲಕ್ಕೆ ಸರಿಸಿದಳು. ಗುರುತು ಮುಕ್ಕೋನವಾಗಿತ್ತು, ಒಂದು ಕಡೆ ಚೂಪು. ಆ ಚೂಪಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ, ಸುಕ್ಕು ಉಳಿಯದಂತೆ ಅಂಗೈಯಿಂದ ತೀಡಿ, ಆನೆ ಎತ್ತಿಕೊಂಡು ಕಂಬದ ಕಡೆ ನಡೆದಳು.