ಬೇಡಣ್ಣನ ಎಣಿಕೆ

ಚಳಿಗಾಲದ ಶುಕ್ರವಾರ, ಬೆಳಿಗ್ಗೆ ಏಳೂವರೆ. ನೆಲದ ಮೇಲೆ ಕೂತ ತಮ್ಮ, ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ಅಣ್ಣನ ಕಾಲಿಗೆ ಬೂಟು ತೂರಿಸಲು ತಿಣುಕುತ್ತಿದ್ದ. ಪಾದ ಊದಿಕೊಂಡಿತ್ತು.

"ಬೂಟಿಗೂ ಬೇಡ ಅಂತಿದ್ದಾನೆ ನೋಡಿ," ಎಂದ. ಬಂದವರಲ್ಲಿ ಇಬ್ಬರು ನಕ್ಕು ಬಾಯಿ ಮುಚ್ಚಿಕೊಂಡರು.

ಸತ್ತವನನ್ನು ಎಲ್ಲರೂ ಬೇಡಣ್ಣ ಎಂದೇ ಕರೆಯುತ್ತಿದ್ದರು. ಹುಡುಗ ಹುಡುಗಿಯರು ಕಬ್ಬಿಣದ ಕವಚ ತೊಟ್ಟು ಮೊಂಡು ಕತ್ತಿಯಲ್ಲಿ ಹೊಡೆದಾಡುವ ಕ್ಲಬ್ಬಿನಲ್ಲಿ ಅವನಿಗೆ ಇಪ್ಪತ್ತೆರಡು ವರ್ಷ ಒಂದೇ ಕೆಲಸ: ಯಾರು ಕಣಕ್ಕೆ ಇಳಿಯಬಹುದು, ಯಾರು ಇಳಿಯಬಾರದು ಎಂದು ನೋಡುವುದು. ಕುತ್ತಿಗೆಯ ಬಲ ನೋಡುವನು. ಕವಚ ಹೊರಿಸಿ ಓಡಿಸಿ, ಕತ್ತಿ ಎತ್ತಿದ ಹೊತ್ತಿಗೆ "ನಿಲ್ಲು" ಎಂದು ಕೂಗುವನು. ಕೈ ನಿಲ್ಲದವರು ಮನೆಗೆ. ಕೊನೆಗೆ ಕಣ್ಣು ಮುಚ್ಚಿಸಿ ಒಂಟಿಕಾಲಲ್ಲಿ ನಿಲ್ಲಿಸಿ, ತನ್ನ ಉಸಿರಿಗೊಂದರಂತೆ ಇಪ್ಪತ್ತು ಎಣಿಸುವನು.

*

ಹಿಂದಿನ ತಿಂಗಳು ಅವನ ಮುಂದೆ ಸ್ವಂತ ಮಗಳೇ ನಿಂತಳು. ಹದಿನೇಳು ವರ್ಷ. ಅಭ್ಯಾಸದಲ್ಲಿ ತಲೆಗೆ ಪೆಟ್ಟು ಬಿದ್ದದ್ದನ್ನು ಮುಚ್ಚಿಟ್ಟಿದ್ದಳು. ಏಳು ಎನ್ನುವಾಗ ಕಾಲು ನೆಲಕ್ಕೆ ತಗುಲಿತು. ಮತ್ತೆ ನಿಲ್ಲಿಸಿದ, ಐದಕ್ಕೇ ವಾಲಿದಳು.

"ಅಪ್ಪ, ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ. ಇನ್ನೊಂದು ಪೆಟ್ಟು ಬಿದ್ರೆ ನೀನು ಏಳಲ್ಲ. ಬೇಡ."

ಅವತ್ತಿನಿಂದ ಮಾತು ಬಿಟ್ಟಳು. ಗುರುವಾರ ಮಧ್ಯಾಹ್ನ ಅವನು ಎದೆ ಹಿಡಿದುಕೊಂಡು ಕುರ್ಚಿಯಿಂದ ಜಾರಿದಾಗಲೂ ಅಮ್ಮನನ್ನು ಕೂಗಿದಳೇ ಹೊರತು ಅಪ್ಪ ಎನ್ನಲಿಲ್ಲ.

*

ಶುಕ್ರವಾರ, ಬೂಟು ತೊಡಿಸುವ ಹೊತ್ತಿಗೆ, ಕ್ಲಬ್ಬಿನ ತರಬೇತುದಾರ ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ಪಂದ್ಯದ ಅರ್ಜಿ ಹಿಡಿದು ಬಂದ. ಭಾನುವಾರ ಪಂದ್ಯ, ತಂಡದಲ್ಲಿ ಒಬ್ಬರು ಕಡಿಮೆ, ಬೇಡಣ್ಣನ ಜಾಗಕ್ಕೆ ಸದ್ಯ ತಾನೇ ಎಂದು ಮೆಲ್ಲಗೆ ತಿಳಿಸಿದ. ಮಗಳನ್ನು ಹಿತ್ತಿಲಿಗೆ ಕರೆದು ಒಂಟಿಕಾಲಲ್ಲಿ ನಿಲ್ಲಿಸಿ, ನಿಂಬೆಹಣ್ಣು ಎಣಿಸುವವರ ಹಾಗೆ ಸರಸರ ಇಪ್ಪತ್ತು ಮುಗಿಸಿದ. ಅವಳ ಬೆರಳು ಗೋಡೆ ಹಿಡಿದದ್ದನ್ನು ಅವನೂ ನೋಡಿದ, ಅಡುಗೆಮನೆಯ ಕಿಟಕಿಯಿಂದ ತಾಯಿಯೂ ನೋಡಿದಳು.

ಇನ್ನು ಅರ್ಜಿಗೆ ಬೇಕಾದದ್ದು ತಾಯಿಯ ರುಜು.

"ಅತ್ತಿಗೆ, ಅಣ್ಣ ಬೇಡ ಅಂದಿದ್ದ," ಎಂದ ತಮ್ಮ.

"ನಂಗೂ ಅಂದಿದ್ರು. ಕೆಲಸಕ್ಕೆ ಹೋಗ್ಬೇಡ, ತವರಿಗೆ ಹೋಗ್ಬೇಡ, ಜೋರಾಗಿ ನಗ್ಬೇಡ. ಒಂದೊಂದಕ್ಕೂ ಅವರ ಹತ್ರ ಕಾರಣ ಇತ್ತು."

"ಇದು ಹಂಗಲ್ಲ. ಹುಡುಗಿ ಜೀವ."

"ನಂದೂ ಜೀವಾನೇ ಆಗಿತ್ತು."

ಬಾಗಿ, ಗಂಡನ ಅಂಗಿಯ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಶವಪೆಟ್ಟಿಗೆಯ ಅಂಚಿನ ಮೇಲೆ ಕಾಗದ ಇಟ್ಟು ರುಜು ಹಾಕಿ, ಪೆನ್ನನ್ನು ಅದೇ ಜೇಬಿಗೆ ಸಿಕ್ಕಿಸಿದಳು. ಹನ್ನೊಂದಕ್ಕೆ ಹೂತು ಬಂದರು.

ಮಗಳು ಹೊರಟದ್ದು ಭಾನುವಾರ, ಬೆಳಿಗ್ಗೆ ಆರಕ್ಕೆ. ಕ್ಲಬ್ಬಿನ ವ್ಯಾನಿನ ಮೆಟ್ಟಿಲಿಗೆಂದು ಎತ್ತಿದ ಕಾಲು ಪಕ್ಕಕ್ಕೆ ಬಿತ್ತು. ಒಳಗಿದ್ದವರು ನಕ್ಕರು, ಅವಳೂ ನಕ್ಕಳು. ಎರಡನೇ ಸಲ ಎರಡು ಕೈಯಲ್ಲೂ ಬಾಗಿಲು ಹಿಡಿದು ಹತ್ತಿದಳು. ಗೇಟಿನ ಬಳಿ ನಿಂತಿದ್ದ ತಾಯಿಯ ಬಾಯಿಗೆ ಬಂದದ್ದು ಗಂಡನ ಮಾತು. ಅದನ್ನು ನುಂಗಿಕೊಂಡು, ವ್ಯಾನು ತಿರುವು ದಾಟುವವರೆಗೂ ಕೈ ಬೀಸುತ್ತಲೇ ಇದ್ದಳು.