ಗುರುಪುತ್ರಪ್ಪನ ರಕ್ತ

ಗೋಡೆಗೆ ಆನಿಸಿ ಕೂರಿಸಿದ್ದ ಅಪ್ಪನ ತಲೆ ಮತ್ತೆ ವಾಲಿತು. ತ್ರಿವೇಣಿ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಹಣೆಗೆ ವಿಭೂತಿ ಬಳಿದಳು. ಪಿತ್ತಕೋಶದ ಕಲ್ಲು ನಂಜಾಗಿ ಮೂರೇ ದಿನದಲ್ಲಿ ತೀರಿಕೊಂಡ ಗುರುಪುತ್ರಪ್ಪನನ್ನು ಬೆಳಗಾವಿಯಿಂದ ಖಾನಾಪುರದ ಮನೆಗೆ ತಂದು ಎರಡು ತಾಸಾಗಿತ್ತು.

"ಸರ್ ಬಂದ್ರು! ಕುರ್ಚಿ ತರ್ರಿ," ಎಂದು ತಾಯಿ ಸತ್ಯವ್ವ ಅಳು ನುಂಗಿ ಎದ್ದಳು.

ಬಂದವರು ಪ್ರೊಫೆಸರ್ ಶಶಿಧರ. ಅವರ ಕಾಲೇಜಿನ ಲ್ಯಾಬಿನಲ್ಲಿ ಗುರುಪುತ್ರಪ್ಪ ಮೂವತ್ತು ವರ್ಷ ಅಟೆಂಡರ್ ಆಗಿದ್ದ. ಸರ್ ಹೂಮಾಲೆ ಹಾಕಿ ಕೈಮುಗಿದರು.

"ವರ್ಷಾ ವರ್ಷಾ ಪಾಠಕ್ಕ ನಮ್ಮ ಮನಿಯವರ ರಕ್ತಾನ ಬೇಕಂತಿದ್ರಲ್ರೀ ನೀವು. ಅದೊಂದು ಹೆಮ್ಮಿ ಇತ್ರೀ ಅವರಿಗೆ," ಎಂದಳು ಸತ್ಯವ್ವ.

*

ಆ ಹೆಮ್ಮೆಯನ್ನು ತ್ರಿವೇಣಿ ಕಣ್ಣಾರೆ ಕಂಡಿದ್ದಳು. ಐದನೇ ಇಯತ್ತೆಯಲ್ಲಿದ್ದಾಗ ಅಪ್ಪ ಅವಳನ್ನು ಲ್ಯಾಬಿಗೆ ಕರೆದೊಯ್ದಿದ್ದ. ಬೆರಳು ಚುಚ್ಚಿಕೊಂಡು, ತೆಳು ಉಪ್ಪುನೀರಿನ ನಳಿಕೆಗೆ ಒಂದು ಹನಿ ಬಿಟ್ಟ. ಪಕ್ಕದ ನಳಿಕೆಯಲ್ಲಿ ವಿದ್ಯಾರ್ಥಿಯೊಬ್ಬನ ರಕ್ತ ರಾಡಿಯಾಗಿಯೇ ನಿಂತಿತ್ತು. ಅಪ್ಪನದು ನೋಡನೋಡುತ್ತ ತಿಳಿಯಾಗಿ ಶರಬತ್ತಾಯಿತು. ಹುಡುಗರು ಚಪ್ಪಾಳೆ ಹೊಡೆದರು.

"ರಕ್ತದ ಕಣಕ್ಕ ಕೊಬ್ಬಿಂದು ಎರಡ್ ಪದರಿನ ಪೊರಿ ಇರ್ತದವ್ವಾ," ಸರ್ ಹೇಳುವುದನ್ನೇ ಅಪ್ಪ ಮಗಳಿಗೆ ಒಪ್ಪಿಸಿದ. "ನೀರು ಒಳಗ ಹೊಕ್ಕಂಗ ಉಬ್ಬತೈತಿ, ತಾಳಲಾರದ ಒಡೀತೈತಿ. ನಂದು ಎಲ್ಲಾರಕಿಂತ ಮೊದಲ! ನಿನ್ನಂಥಾ ರಕ್ತ ಊರಾಗ ಇಲ್ಲ ಅಂತಾರ ಸರ್."

ತ್ರಿವೇಣಿ ಅದನ್ನು ಶಾಲೆಯಲ್ಲೆಲ್ಲ ಕೊಚ್ಚಿಕೊಂಡಿದ್ದಳು.

*

"ಹುಟ್ಟಿನಿಂದ ಇವರಿಗೆ ರಕ್ತದ ಬ್ಯಾನಿ ಐತಿ, ಮಕ್ಕಳು ಮೊಮ್ಮಕ್ಕಳಿಗೂ ಬರಬಹುದು, ಯಾರೂ ಹೇಳಿಲ್ಲೇನು ಅಂತ ದವಾಖಾನ್ಯಾಗ ಕೇಳಿದ್ರು," ತ್ರಿವೇಣಿ ಸರ್ ಕಡೆ ತಿರುಗಿದಳು. "ಅಪ್ಪನ ರಕ್ತ ಯಾಕ ಅಷ್ಟ ಲಗೂ ಒಡೀತಿತ್ರೀ?"

ಸರ್ ಪಾಠದ ದನಿಯಲ್ಲೇ ಶುರು ಮಾಡಿದರು. "ಪೊರಿ ಚೂರಚೂರ ಉದುರಿ, ಚಪ್ಪಟಿ ಇರಬೇಕಾದ ಕಣ ಗುಂಡಗ ಆಗಿರ್ತಾವ. ಉಬ್ಬಾಕ ಜಾಗಾನ ಇರೂದಿಲ್ಲ. ಮೈಯಾಗೂ ದಿನಾ ಒಡೀತಾವ. ಕಣ್ಣು ಹಳದಿ, ಪಿತ್ತದಾಗ ಕಲ್ಲು…"

"ನಿಮಗ ಯಾವಾಗಿಂದ ಗೊತ್ತಿತ್ತು?"

"ಮೊದಲನೇ ವರ್ಷಾನ." ಸರ್ ನೆಲ ನೋಡಿದರು. "ಹೇಳಿದ್ರ ಹೆದರ್ತಾನಂತ… ಪಾಠಕ್ಕ ಅಂಥಾ ರಕ್ತ ಮತ್ತ ಸಿಗತಿರಲಿಲ್ಲವ್ವಾ."

ಚಪ್ಪಾಳೆ ಹೊಡೆಸಿ ಹೊಡೆಸಿಯೇ ಮೋಸ ಮಾಡಿದ್ದರು. ಈ ಮನುಷ್ಯನ ಮನೆಗೆ ಅಪ್ಪ ಹಬ್ಬಹಬ್ಬಕ್ಕೆ ಗೇರುಬೀಜ ಹೊತ್ತಿದ್ದ. ಕಣ್ಣು ಹಳದಿಯಾದಾಗಲೆಲ್ಲ ಕಾಮಣಿಯೆಂದು ಬೇರು ಅರೆದು ಕುಡಿದು, ಮರುದಿನ ಅದೇ ಲ್ಯಾಬಿಗೆ ಓಡಿದ್ದ.

ಸತ್ಯವ್ವನಿಗೆ ಇದೊಂದೂ ತಿಳಿಯಲಿಲ್ಲ. "ಸರ್‌ಗೆ ನೀರು ಕೊಡ ತ್ರಿವೇಣಿ," ಎಂದಳು.

ತ್ರಿವೇಣಿ ನೀರು ತರಲಿಲ್ಲ. ಒಳಗೆ ಮಲಗಿದ್ದ ನಾಲ್ಕು ವರ್ಷದ ಮಗಳು ಸಮೃದ್ಧಿಯನ್ನು ಎತ್ತಿಕೊಂಡು ಬಂದು, ಸರ್ ಎದುರು ನಿಂತು, ಹೆಬ್ಬೆರಳಿನಿಂದ ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಎಳೆದಳು.

"ನೋಡಿ ಹೇಳ್ರಿ."

ಸರ್ ಆ ಕಣ್ಣಿನತ್ತ ನೋಡದೆ ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡರು.